ಕಿಟಕಿ ಶುಚಿಗೊಳಿಸುವ ವ್ಯಾನಿಗೆ ಎಷ್ಟು ದೊಡ್ಡ ಟ್ಯಾಂಕ್?

ಪ್ರಶ್ನೆ: ಬೆಂಗಳೂರಿನಲ್ಲಿ ಕಟ್ಟಡಗಳ ಗಾಜಿನ ಕಿಟಕಿ ತೊಳೆಯುವ ಸ್ವಂತ ಉದ್ಯೋಗ ಆರಂಭಿಸಲಿದ್ದೇನೆ. ಸಣ್ಣ ವ್ಯಾನಿನಲ್ಲಿ 1,000 ಲೀಟರ್ ಟ್ಯಾಂಕ್ ಇಡಬಹುದೇ?

ಉತ್ತರ: ದಯವಿಟ್ಟು ಇಡಬೇಡಿ. ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ, ತುಂಬಿದ ಟ್ಯಾಂಕಿನ ಭಾರ ಒಂದು ಟನ್ನನ್ನು ಮೀರುತ್ತದೆ. ನೋಂದಣಿ ಪತ್ರದಲ್ಲಿ ನಮೂದಾಗಿರುವ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನೂ, ಚಾಲಕ, ಸಹಾಯಕ, ಪಂಪು, ಬ್ಯಾಟರಿ, ಏಣಿಗಳ ಭಾರವನ್ನೂ ಕಳೆದ ಮೇಲೆ ಎಷ್ಟು ಉಳಿಯುತ್ತದೆಯೋ ಅದರಲ್ಲಿಯೇ ಟ್ಯಾಂಕು ಮತ್ತು ನೀರು ಎರಡೂ ಅಡಗಬೇಕು. ಬ್ರಷ್ಷಿಗೆ ನಿಮಿಷಕ್ಕೆ 2 ಲೀಟರ್ ಹರಿದರೂ 300 ಲೀಟರ್ ನೀರು ಎರಡೂವರೆ ಗಂಟೆಗಳ ನಿರಂತರ ಕೆಲಸಕ್ಕೆ ಸಾಕಾಗುತ್ತದೆ.

ಅರ್ಧ ತುಂಬಿದ ಟ್ಯಾಂಕಿನ ನೀರು ತಿರುವುಗಳಲ್ಲಿ ತುಳುಕಿ ವಾಹನವನ್ನು ವಾಲಿಸುತ್ತದೆ. ಆದ್ದರಿಂದ ಒಳಗೆ ಅಡ್ಡಗೋಡೆಗಳಿರುವ, ಎತ್ತರ ಕಡಿಮೆಯಿರುವ ಟ್ಯಾಂಕನ್ನೇ ಆರಿಸಿ, ಲೋಹದ ಚೌಕಟ್ಟಿನಲ್ಲಿ ಕೂರಿಸಿ, ಬೋಲ್ಟುಗಳಿಂದ ಚಾಸಿಗೆ ಬಿಗಿಸಿರಿ. ಹಗ್ಗವನ್ನು ಮಾತ್ರ ನಂಬಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಆ ಭಾರವೆಲ್ಲ ಚಾಲಕನ ಬೆನ್ನಿನತ್ತಲೇ ನುಗ್ಗುತ್ತದೆ.

ನಗರದ ಕೊಳವೆಬಾವಿಗಳ ಗಡಸು ನೀರು ಗಾಜಿನ ಮೇಲೆ ಒಣಗಿದಾಗ ಬಿಳಿ ಕಲೆ ಉಳಿಯುತ್ತದೆ. ಒರೆಸದೆಯೇ ಗಾಜು ಹೊಳೆಯಬೇಕಾದರೆ ಆರ್‌ಓ ಯಂತ್ರದ ನಂತರ ಉಳಿದ ಲವಣಗಳನ್ನೂ ಹಿಡಿದಿಟ್ಟುಕೊಳ್ಳುವ ಡಿಐ ರಾಳದ ಮೂಲಕವೂ ನೀರನ್ನು ಹಾಯಿಸಿ, ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆಯ ಸಮೀಪ ತೋರಿಸುವುದನ್ನು ಖಚಿತಪಡಿಸಿಕೊಳ್ಳಿ. ಈ ಶುದ್ಧೀಕರಣವನ್ನು ಮನೆಯಲ್ಲೇ ಮುಗಿಸಿದರೆ ಯಂತ್ರದ ತೂಕ ವ್ಯಾನಿಗೆ ತಪ್ಪುತ್ತದೆ.