ಹಸಿರು ಪ್ರಶ್ನೋತ್ತರ: ತೆವಳುವ ಗಿಡಕ್ಕೆ ಕೋಲೇಕೆ?

ಪ್ರಶ್ನೆ: ನಮ್ಮ ಫಿಲೋಡೆಂಡ್ರಾನ್ ಗ್ಲೋರಿಯೋಸಂ ಎಂಬ ಅಲಂಕಾರಿಕ ಎಲೆಗಿಡದ ಕಾಂಡ ಮಣ್ಣಿನೊಳಗೆ ಮೆತ್ತಗಾಗುತ್ತಿದೆ. ಕೋಲು ನೆಟ್ಟರೂ ಹತ್ತುತ್ತಿಲ್ಲ. ಹೊಸ ಎಲೆ ಬಿಚ್ಚುವಾಗಲೇ ಹರಿಯುತ್ತದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಕೋಲು ಕಿತ್ತುಬಿಡಿ. ಕೊಲಂಬಿಯಾ ಕಾಡಿನ ಈ ಗಿಡ ಹತ್ತುವುದಿಲ್ಲ, ತೆವಳುತ್ತದೆ. ದಪ್ಪ ಕಾಂಡ ತರಗೆಲೆಗಳ ಮೇಲೆ ಮಲಗಿ, ಬೇರನ್ನಷ್ಟೇ ಕೆಳಗಿಳಿಸುತ್ತದೆ. ಕಾಂಡವನ್ನೇ ಹೂತರೆ ಕೊಳೆಯದೆ ಇನ್ನೇನು?

ಗಿಡ ಹೊರತೆಗೆದು, ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಲ್ಲಿ ಗಟ್ಟಿ ತಿರುಳು ಸಿಗುವವರೆಗೂ ಕೊಳೆತದ್ದನ್ನು ಕತ್ತರಿಸಿ. ಗಾಯ ಒಂದು ದಿನ ನೆರಳಲ್ಲಿ ಆರಲಿ. ಆಳ ಕಡಿಮೆಯಿರುವ ಉದ್ದನೆಯ ಕುಂಡ ತಗೊಳ್ಳಿ. ಕತ್ತರಿಸಿದ ತುದಿ ಅಂಚಿಗೆ, ಚಿಗುರು ಖಾಲಿ ಜಾಗದತ್ತ ಇರಬೇಕು. ಕಾಂಡದ ಮೇಲರ್ಧ ಗಾಳಿಗೆ ತೆರೆದಿರಲಿ. ಮಿಶ್ರಣಕ್ಕೆ ತೆಂಗಿನ ಸಿಪ್ಪೆ ಚೂರು 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) 1, ಎರೆಗೊಬ್ಬರ 1, ಇದ್ದಿಲ ಚೂರು ಅರ್ಧ ಪಾಲು. ಸಿಪ್ಪೆ ಚೂರನ್ನು ರಾತ್ರಿ ನೆನೆಸಿ, ಎರಡು ಸಲ ತೊಳೆದರೆ ಉಪ್ಪು ಹೋಗುತ್ತದೆ. ಮೇಲಿನ ಒಂದಿಂಚು ಒಣಗಿದ ಮೇಲಷ್ಟೇ ನೀರು.

ಎಲೆ ಹರಿಯಲು ಹೆಚ್ಚಾಗಿ ಒಣಹವೆಯೇ ಕಾರಣ; ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಗಳೂರಿನಲ್ಲಿ ಇದು ಸಾಮಾನ್ಯ. ಚಿಗುರಿನ ಪೊರೆ ಒಣಗಿ ಎಲೆಗೆ ಅಂಟುತ್ತದೆ. ಅದನ್ನು ಎಳೆಯಬೇಡಿ, ಒದ್ದೆ ಹತ್ತಿಯಿಂದ ಮೆತ್ತಗೆ ಮಾಡಿ. ಗಾಳಿಯ ತೇವಾಂಶ ಶೇ 60ಕ್ಕಿಂತ ಮೇಲಿರಲಿ. ಎಲೆಗೆ ನೀರು ಸ್ಪ್ರೇ ಹೊಡೆಯುವುದರಿಂದ ಉಪಯೋಗ ಅಷ್ಟಕ್ಕಷ್ಟೇ. ಗಡಸು ನೀರಾದರೆ ಮಖಮಲ್ಲಿನಂಥ ಎಲೆಯ ಮೇಲೆ ಬಿಳಿ ಕಲೆ ಗ್ಯಾರಂಟಿ.

ಪ್ರಶ್ನೆ: ಮನೆಯಲ್ಲಿ ಬೆಕ್ಕಿದೆ. ಈ ಗಿಡ ಬೆಳೆಸಬಹುದೇ?

ಉತ್ತರ: ಬೆಕ್ಕಿಗೆ ಎಟುಕದ ಕಡೆ ಇಡಿ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಅಗಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ.