ಅಮೆಚೂರ್ (ಹವ್ಯಾಸಿ) ಟೂರ್ನಮೆಂಟ್ ನೋಡಿ ಗಾಲ್ಫ್ ಕೋರ್ಸ್ ವಿನ್ಯಾಸ ಕಲಿಯಬಹುದಾ? ಟಿವಿ ಸಾಲದಾ?

ಕಲಿಯಬಹುದು. ನಾನು ಡಿಸೈನರ್ ಅಲ್ಲ, ನನ್ನ ಆಟವೂ ಅಷ್ಟಕ್ಕಷ್ಟೇ. ಆದರೆ ಗೊತ್ತಿರುವ ಅಲ್ಪಸ್ವಲ್ಪ ಬಂದಿದ್ದು ಒಂದೇ ಹೋಲ್ (ಕೋರ್ಸ್‌ನ ಹದಿನೆಂಟು ತುಣುಕುಗಳಲ್ಲಿ ಒಂದು) ಪಕ್ಕ ಕೂತಿದ್ದರಿಂದ. ಟಿವಿ ಸಾಲದು. ಅದರಲ್ಲಿ ಇಳಿಜಾರು ಕಾಣುವುದೇ ಇಲ್ಲ.

2017ರ ಯು.ಎಸ್. ಅಮೆಚೂರ್ ಲಾಸ್ ಏಂಜಲೀಸ್‌ನ ರಿವಿಯೆರಾ ಕ್ಲಬ್‌ನಲ್ಲಿ ನಡೆಯಿತು. ನಾನಾಗ ಅದೇ ಊರಲ್ಲಿದ್ದೆ. ಎಲ್ಲರ ಹಿಂದೆ ಓಡಾಡುವ ಬದಲು ಹತ್ತನೇ ಹೋಲ್‌ನ ಗ್ರೀನ್, ಅಂದರೆ ಕುಳಿ ಇರುವ ನುಣ್ಣನೆ ಹುಲ್ಲಿನ ಜಾಗದ ಹತ್ತಿರ ಸುಮ್ನೆ ಕೂತುಬಿಟ್ಟೆ.

ಅದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್. ಉದ್ದ ಬರೀ 315 ಗಜ. ಈ ಹುಡುಗರು ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಿಸಬಲ್ಲರು. ಹಾಗಿದ್ದರೆ ಸುಲಭ, ಅಲ್ವಾ? ಗ್ರೀನ್ ಸಪೂರ, ಓರೆಯಾಗಿ ಮಲಗಿದೆ, ಮುಂದೆಯೂ ಹಿಂದೆಯೂ ಬಂಕರ್, ಅಂದರೆ ಮರಳಿನ ಗುಂಡಿ. ಮೊದಲ ಹೊಡೆತ ಎಡಕ್ಕೆ ಬಿದ್ದರೆ ಗ್ರೀನ್ ಉದ್ದಕ್ಕೆ ಸಿಗುತ್ತದೆ. ಬಲಕ್ಕೆ ಬಿದ್ದರೆ ಅಡ್ಡಕ್ಕೆ. ಚೆಂಡು ಕುಳಿಗೆ ಎಷ್ಟೇ ಹತ್ತಿರವಿದ್ದರೂ ಅಲ್ಲಿಂದ ನಿಲ್ಲಿಸಲು ಜಾಗವಿಲ್ಲ. ಬಂಕರ್‌ನಿಂದ ಎತ್ತಿದ್ದು ಗ್ರೀನ್ ದಾಟಿ ಆಚೆ ಬಂಕರ್‌ಗೆ ಹೋಗುವುದನ್ನು ನೋಡಿದಾಗಲೇ ಆ ಓರೆ ಯಾಕೆ ಅಂತ ನನಗೆ ತಿಳಿದಿದ್ದು.

ಪ್ರೊಗಳೂ (ವೃತ್ತಿಪರರೂ) ತಪ್ಪುತ್ತಾರೆ. ಆದರೆ ಅಮೆಚೂರ್‌ಗಳು ನಾನಾ ಕಡೆ ತಪ್ಪುತ್ತಾರೆ, ಕೋರ್ಸ್‌ನ ಮೂಲೆಮೂಲೆಯೂ ಕೆಲಸಕ್ಕೆ ಬರುತ್ತದೆ. ಜೊತೆಗೆ ಮ್ಯಾಚ್ ಪ್ಲೇ, ಅಂದರೆ ಒಂದೊಂದು ಹೋಲ್‌ಗೂ ಗೆಲುವು-ಸೋಲು ಎಣಿಸುವ ಆಟ. ಮೊದಲು 312 ಜನ ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ ಆಟ) ಆಡಿ, ಅದರಲ್ಲಿ 64 ಮಂದಿ ಇಬ್ಬಿಬ್ಬರಾಗಿ ಸೆಣಸುತ್ತಾರೆ. ಎದುರಾಳಿಯ ಚೆಂಡು ಬಲಗಡೆ ಮರಳಿನಲ್ಲಿ ಬಿತ್ತಾ, ಕೈಯಲ್ಲಿದ್ದ ಡ್ರೈವರ್ (ತುಂಬಾ ದೂರ ಹೊಡೆಯುವ ಕೋಲು) ಬ್ಯಾಗಿಗೆ ವಾಪಸ್, ಐರನ್ (ಕಡಿಮೆ ದೂರದ ಕೋಲು) ಹೊರಗೆ. ಎರಡು ಹೋಲ್ ಹಿಂದಿರುವವನಿಗೆ ಆ ತಾಳ್ಮೆ ಇರುವುದಿಲ್ಲ. ಜಾಗ ಅದೇ, ಲೆಕ್ಕ ಬೇರೆ. ವಿನ್ಯಾಸ ಅಂದರೆ ನನಗೆ ಈಗ ಇದೇ: ಆಟಗಾರನನ್ನು ಟೀ (ಮೊದಲ ಹೊಡೆತದ ಜಾಗ) ಮೇಲೆ ಎರಡು ಮನಸ್ಸಿನಲ್ಲಿ ನಿಲ್ಲಿಸುವುದು.

ರಿವಿಯೆರಾದಲ್ಲಿ ಇದನ್ನು 1920ರ ದಶಕದಲ್ಲಿ ಮಾಡಿದವರು ಜಾರ್ಜ್ ಥಾಮಸ್. ಗುಲಾಬಿ ತಳಿ ಬೆಳೆಸುವ ಹುಚ್ಚೂ ಇತ್ತು ಅವರಿಗೆ. ಆರನೇ ಹೋಲ್‌ನಲ್ಲಂತೂ ಗ್ರೀನ್ ನಡುವೆಯೇ ಬಂಕರ್ ತೋಡಿದ್ದಾರೆ, ಪುಣ್ಯಾತ್ಮ!

ನೀವು ಬೆಂಗಳೂರಿನವರಾದರೆ ಇಲ್ಲೇ ನೋಡಬಹುದು. ಹಳೇ ಏರ್‌ಪೋರ್ಟ್ ರಸ್ತೆ ಕಡೆಯ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಕೋರ್ಸ್, ಐದು ಬಾರಿ ಬ್ರಿಟಿಷ್ ಓಪನ್ ಗೆದ್ದ ಪೀಟರ್ ಥಾಮ್ಸನ್ ಅವರ ವಿನ್ಯಾಸ. ಸದಸ್ಯರು ಯಾರಾದರೂ ಪರಿಚಯವಿದ್ದರೆ ಅಮೆಚೂರ್ ಪಂದ್ಯದ ದಿನ ಒಳಗೆ ಬಿಡಿಸಲು ಕೇಳಿ ನೋಡಿ. ಒಂದು ಚಿಕ್ಕ ಪಾರ್ 4 ಆರಿಸಿಕೊಳ್ಳಿ. ಗ್ರೀನ್ ಹಿಂದೆ ಕೂತು, ಚೆಂಡು ಎಲ್ಲಿ ನಿಂತಿತು ಅಂತ ಕಾಗದದ ಮೇಲೆ ಚುಕ್ಕಿ ಇಡುತ್ತಾ ಹೋಗಿ. ಟೋಪಿ ತಗೊಂಡು ಹೋಗಿ. ನಾನು ಮರೆತು ಎರಡು ದಿನದಲ್ಲಿ ಮೂಗಿನ ಸಿಪ್ಪೆ ಸುಲಿದುಹೋಗಿತ್ತು.