ಓದುಗರ ಪ್ರಶ್ನೆ, ನಮ್ಮ ಉತ್ತರ: 2012ರ ರಿಪಬ್ಲಿಕನ್ ಕಣದಲ್ಲಿ ಎಲ್ಲರಿಗಿಂತ ದುರ್ಬಲರು ಯಾರು?

ಪ್ರಶ್ನೆ: ಕೊನೆಕೊಯ್ಲಿನ ಹೊತ್ತಿಗೆ ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ರಜೆಗೆಂದು ಮನೆಗೆ ಬಂದಿದ್ದ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಾಗ 2012ರ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಆಯ್ಕೆಯ ಮಾತು ಬಂತು. ಮಿಟ್ ರೋಮ್ನಿ ಗೆದ್ದ ಆ ಸ್ಪರ್ಧೆಯಲ್ಲಿ ರಿಕ್ ಪೆರಿಯೇ ಎಲ್ಲರಿಗಿಂತ ದುರ್ಬಲ ಅಭ್ಯರ್ಥಿ ಎಂದು ಅವನ ವಾದ. ಪೆರಿಗಿಂತ ಎಷ್ಟೋ ಕಡಿಮೆ ಬೆಂಬಲವಿದ್ದ ಬಡಿ ರೋಮರ್ ಅವರಂಥವರು ಇದ್ದಾಗ ಅದು ಹೇಗೆ ಸರಿಯಾದೀತು ಎಂದು ನನ್ನ ವಾದ. ದಯವಿಟ್ಟು ಬಗೆಹರಿಸಿ.
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ತಂಗಿಯ ಮಗನ ಮಾತನ್ನೇ ನಾನು ಒಪ್ಪುತ್ತೇನೆ. ಸಿಕ್ಕ ಮತಗಳ ಲೆಕ್ಕವೊಂದರಿಂದ ಅಭ್ಯರ್ಥಿಯ ಬಲಾಬಲವನ್ನು ಅಳೆಯಲಾಗದು. ಕೈಯಲ್ಲಿ ಏನಿತ್ತು, ಅದರಿಂದ ಏನು ಮಾಡಿದರು ಎಂಬ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಶಿವಮೊಗ್ಗದ ಅಡಿಕೆ ಮಂಡಿಗೆ ಕೆಳದರ್ಜೆಯ ಗೊರಬಲನ್ನು ಗೊರಬಲು ಎಂದೇ ಹೇಳಿ ತಂದವನನ್ನು ಯಾರೂ ಹಳಿಯುವುದಿಲ್ಲ. ಮೇಲ್ದರ್ಜೆಯ ‘ಸರಕು’ ಎಂದು ತಂದ ಮೂಟೆಯನ್ನು ಬಿಚ್ಚಿದಾಗ ಒಳಗೆ ಗೊರಬಲು ಕಂಡರೆ ಮಾತು ಬೇರೆ.

ಮೊದಲು ರೋಮರ್ ಅವರ ವಿಷಯ. ಅವರು ಲೂಸಿಯಾನ ರಾಜ್ಯದ ಮಾಜಿ ಗವರ್ನರ್. ಒಬ್ಬರಿಂದ 100 ಡಾಲರ್‌ಗಿಂತ ಹೆಚ್ಚು ದೇಣಿಗೆ ಪಡೆಯುವುದಿಲ್ಲ ಎಂದು ಪಣತೊಟ್ಟು ಕಣಕ್ಕಿಳಿದರು. ಆ ಋತುವಿನಲ್ಲಿ ಇಪ್ಪತ್ತರಷ್ಟು ಟಿ.ವಿ. ಚರ್ಚೆಗಳು ನಡೆದವು, ಒಂದಕ್ಕೂ ಅವರನ್ನು ಕರೆಯಲಿಲ್ಲ. ಚರ್ಚೆಯ ವೇದಿಕೆ ಹತ್ತಲು ಸಮೀಕ್ಷೆಗಳಲ್ಲಿ ಇಂತಿಷ್ಟು ಬೆಂಬಲವಿರಬೇಕು. ವೇದಿಕೆಯ ಮೇಲೆ ಕಾಣಿಸಿಕೊಳ್ಳದವನ ಹೆಸರು ಸಮೀಕ್ಷೆಯಲ್ಲಿ ಉತ್ತರಿಸುವವರ ಬಾಯಿಗೆ ಬರುವುದೇ ಇಲ್ಲ. ಈ ಸುಳಿಯಲ್ಲಿ ಸಿಕ್ಕಿದವರನ್ನು ದುರ್ಬಲರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರ ಬಲವನ್ನು ಪರೀಕ್ಷಿಸುವ ಅವಕಾಶವೇ ಮತದಾರರಿಗೆ ಸಿಗಲಿಲ್ಲ.

ಪೆರಿ ಅವರ ಬಳಿ ಎಲ್ಲವೂ ಇತ್ತು. 2000ದ ಡಿಸೆಂಬರ್‌ನಿಂದ ಟೆಕ್ಸಾಸ್‌ನಂಥ ದೊಡ್ಡ ರಾಜ್ಯದ ಗವರ್ನರ್ ಆಗಿದ್ದವರು, ಅಲ್ಲಿಯವರೆಗೆ ಒಂದು ಚುನಾವಣೆಯನ್ನೂ ಸೋಲದವರು. 2011ರ ಆಗಸ್ಟ್ 13ರಂದು ಉಮೇದುವಾರಿಕೆ ಘೋಷಿಸಿದ ಕೆಲವೇ ದಿನಗಳಲ್ಲಿ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ರೋಮ್ನಿಯನ್ನು ಹಿಂದೆ ಹಾಕಿದರು. ಏಳು ವಾರಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ಡಾಲರ್ ಸಂಗ್ರಹಿಸಿದರು. ಅಭ್ಯರ್ಥಿಯ ಆಯ್ಕೆಗೆ ರಾಜ್ಯವಾರು ನಡೆಯುವ ಮತದಾನ ಮುಂದಿನ ಜನವರಿಯಲ್ಲಿ ಅಯೋವಾ ರಾಜ್ಯದಿಂದ ಶುರುವಾದಾಗ ಅಲ್ಲಿ ಅವರಿಗೆ ಸಿಕ್ಕಿದ್ದು ಐದನೆಯ ಸ್ಥಾನ, ಶೇ 10ರಷ್ಟು ಮತ. ಜನವರಿ 19ರಂದು, ಸೌತ್ ಕ್ಯಾರೊಲಿನಾದ ಮತದಾನಕ್ಕೆ ಎರಡು ದಿನವಿರುವಾಗ, ಕಣ ಬಿಟ್ಟರು.

ಅವರ ಸೋಲೆಂದರೆ ಎಲ್ಲರಿಗೂ ನೆನಪಾಗುವುದು ನವೆಂಬರ್ 9ರ ರಾತ್ರಿ, ನಮ್ಮಲ್ಲಿ ಆಗಲೇ ಹತ್ತನೆಯ ತಾರೀಖಿನ ಬೆಳಗು, ಮಿಷಿಗನ್‌ನ ಓಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ನಡೆದ ಚರ್ಚೆ. ಇದನ್ನು ಬರೆಯುವ ಮುನ್ನ ಆ ವಿಡಿಯೊವನ್ನು ಮತ್ತೆ ನೋಡಿದೆ. ತಾನು ಅಧ್ಯಕ್ಷನಾದರೆ ಮೂರು ಇಲಾಖೆಗಳನ್ನು ಮುಚ್ಚುತ್ತೇನೆ ಎಂದು ಬೆರಳು ಮಡಿಸುತ್ತಾ ವಾಣಿಜ್ಯ, ಶಿಕ್ಷಣ ಎಂದರು. ಮೂರನೆಯದು ಬಾಯಿಗೆ ಬರಲಿಲ್ಲ. ಇನ್ನೊಬ್ಬ ಅಭ್ಯರ್ಥಿ ರಾನ್ ಪಾಲ್ ಅವರತ್ತ ತಿರುಗಿದರೆ ಅವರು ಮೂರು ಸಾಲದು, ಐದು ಬೇಕು ಎಂದರು. ರೋಮ್ನಿ ಪರಿಸರ ಸಂರಕ್ಷಣಾ ಸಂಸ್ಥೆಯ ಹೆಸರನ್ನು ಸೂಚಿಸಿದರು. ಪೆರಿ ಅದನ್ನು ಹಿಡಿದುಕೊಂಡು, ನಿರೂಪಕರು ಗಟ್ಟಿಸಿ ಕೇಳಿದೊಡನೆ ಅದಲ್ಲವೆಂದು ಬಿಟ್ಟರು. ಒಂದು ನಿಮಿಷಕ್ಕೂ ಕಡಿಮೆ ಕಾಲದ ಈ ತಡವರಿಕೆ ನೋಡುವವರಿಗೂ ಸಂಕಟ ತರುವಷ್ಟು ದೀರ್ಘವಾಗಿತ್ತು. ಕೊನೆಗೆ ಕೈಚೆಲ್ಲಿ ‘ಊಪ್ಸ್’ ಎಂದರು.

ಆದರೂ ಪೆರಿ ಸೋತದ್ದು ಆ ರಾತ್ರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮರೆವು ಯಾರಿಗೂ ಬರಬಹುದು. ಅವರಿಗೆ ಜುಲೈನಲ್ಲಷ್ಟೇ ಬೆನ್ನಿನ ಶಸ್ತ್ರಚಿಕಿತ್ಸೆಯಾಗಿತ್ತು. ಬುಡ ಅಲುಗಿದ್ದು ಸೆಪ್ಟೆಂಬರ್ 22ರಂದು, ಫ್ಲಾರಿಡಾದ ಒರ್ಲಾಂಡೊ ಚರ್ಚೆಯಲ್ಲಿ. ರೋಮ್ನಿ ಹಿಂದೊಮ್ಮೆ ಹೇಳಿದ್ದಕ್ಕೂ ಈಗ ಹೇಳುವುದಕ್ಕೂ ತಾಳೆಯಿಲ್ಲ ಎಂದು ಹಂಗಿಸಲು ಸಿದ್ಧಪಡಿಸಿಕೊಂಡು ಬಂದ ಮಾತನ್ನು ಪೆರಿ ನೆಟ್ಟಗೆ ಒಂದು ವಾಕ್ಯವಾಗಿ ಮುಗಿಸಲಾರದೆ ಹೋದರು. ದಾಖಲೆಗಳಿಲ್ಲದೆ ಬಂದ ವಲಸಿಗರ ಮಕ್ಕಳಿಗೂ ಟೆಕ್ಸಾಸ್‌ನ ಕಾಲೇಜುಗಳಲ್ಲಿ ಸ್ಥಳೀಯರ ಶುಲ್ಕವನ್ನೇ ವಿಧಿಸುವ 2001ರ ಕಾನೂನನ್ನು ಸಮರ್ಥಿಸುತ್ತಾ, ಅದನ್ನು ವಿರೋಧಿಸುವವರಿಗೆ ಹೃದಯವಿಲ್ಲ ಎಂಬರ್ಥದ ಮಾತಾಡಿದರು. ಅವರ ಇಡೀ ಪ್ರಚಾರದಲ್ಲಿ ನನಗೆ ಗೌರವ ಹುಟ್ಟಿಸಿದ ನಿಲುವು ಇದೊಂದೇ. ಆದರೆ ತನ್ನದೇ ಪಕ್ಷದ ಮತದಾರರಿಗೆ ಅದನ್ನು ತಾಳ್ಮೆಯಿಂದ ವಿವರಿಸಿ ಒಲಿಸಿಕೊಳ್ಳುವ ಬದಲು ಅವರ ಮೇಲೆಯೇ ಹರಿಹಾಯ್ದರು. ಆಮೇಲೆ ಆ ಪದಪ್ರಯೋಗ ತಪ್ಪಾಯಿತೆಂದು ಒಪ್ಪಿಕೊಳ್ಳಬೇಕಾಯಿತು. ಎರಡೇ ದಿನಗಳ ನಂತರ ಅದೇ ಫ್ಲಾರಿಡಾದಲ್ಲಿ ಪಕ್ಷದ ಕಾರ್ಯಕರ್ತರು ನಡೆಸಿದ ಅಣಕು ಮತದಾನದಲ್ಲಿ ಮತ್ತೊಬ್ಬ ಅಭ್ಯರ್ಥಿ ಹರ್ಮನ್ ಕೇನ್ ಅವರಿಗೆ ಶೇ 37, ಪೆರಿಗೆ ಶೇ 15. ನವೆಂಬರ್‌ನ ‘ಊಪ್ಸ್’ ಬರುವ ಹೊತ್ತಿಗೆ ಮರ ಆಗಲೇ ವಾಲಿತ್ತು.

ಉಳಿದವರ ಮಾತು ಬೇಗ ಮುಗಿಯುತ್ತದೆ. ಕೇನ್ ಅವರ ಬಳಿ ಆದಾಯ, ಕಂಪನಿ ಮತ್ತು ಮಾರಾಟ ತೆರಿಗೆಗಳು ತಲಾ ಶೇ 9 ಎಂಬ ಒಂದೇ ಮಂತ್ರವಿತ್ತು, ಸಂಘಟನೆ ಇರಲಿಲ್ಲ. ಲಿಬಿಯಾ ಕುರಿತ ಪ್ರಶ್ನೆಗೆ ಮಿಲ್ವಾಕಿಯ ಪತ್ರಕರ್ತರ ಮುಂದೆ ತಡಕಾಡಿದರು, ಲೈಂಗಿಕ ಕಿರುಕುಳದ ಆರೋಪಗಳ ನಡುವೆ ಡಿಸೆಂಬರ್ 3ರಂದು ಹಿಂದೆ ಸರಿದರು. ಮಿಷೆಲ್ ಬಾಕ್ಮನ್ ತಾವು ಹುಟ್ಟಿದ ಅಯೋವಾದಲ್ಲೇ ಶೇ 5ಕ್ಕೆ ಕುಸಿದರು.

ಪೆರಿಯ ನಂತರದ ಸ್ಥಾನವನ್ನು ನಾನು ಕೊಡುವುದು ಮಿನ್ನೆಸೋಟದ ಗವರ್ನರ್ ಆಗಿದ್ದ ಟಿಮ್ ಪಾಲೆಂಟಿ ಅವರಿಗೆ. ಅಯೋವಾದ ಏಮ್ಸ್ ಪಟ್ಟಣದಲ್ಲಿ 2011ರ ಆಗಸ್ಟ್‌ನಲ್ಲಿ ನಡೆದ ಅಣಕು ಮತದಾನದಲ್ಲಿ ಬಾಕ್ಮನ್‌ಗೆ 4,823, ಪಾಲ್‌ಗೆ 4,671, ಪಾಲೆಂಟಿಗೆ 2,293 ಮತ ಬಂದವು. 30 ಡಾಲರ್‌ನ ಟಿಕೆಟ್ ಪಡೆದವರು ಮತ ಹಾಕುವ, ಅಭ್ಯರ್ಥಿಯನ್ನು ಆರಿಸುವ ಪಕ್ಷದ ಮಹಾಧಿವೇಶನಕ್ಕೆ ಒಬ್ಬ ಪ್ರತಿನಿಧಿಯನ್ನೂ ಗೆದ್ದುಕೊಡದ ಈ ಆಟದಲ್ಲಿ ಮೂರನೆಯವರಾದದ್ದಕ್ಕೆ ಅವರು ಮರುದಿನವೇ ಕಣ ಬಿಟ್ಟರು. ಅಲ್ಲಿ ಅವರಿಗಿಂತ ಹಿಂದೆ, ನಾಲ್ಕನೆಯ ಸ್ಥಾನದಲ್ಲಿದ್ದವರು ರಿಕ್ ಸ್ಯಾಂಟೋರಮ್. ಅವರು ಮನೆಗೆ ಹೋಗಲಿಲ್ಲ. ಬೆಂಬಲಿಗರೊಬ್ಬರ ಪಿಕಪ್ ಟ್ರಕ್ ಹತ್ತಿ ಅಯೋವಾದ 99 ಕೌಂಟಿಗಳನ್ನೂ ಸುತ್ತಿದರು. ಜನವರಿ 3ರ ರಾತ್ರಿ ರೋಮ್ನಿ 8 ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಎರಡು ವಾರಗಳ ನಂತರ ಲೆಕ್ಕ ಪಕ್ಕಾ ಮಾಡಿದಾಗ ಸ್ಯಾಂಟೋರಮ್ 34 ಮತಗಳಿಂದ ಮುಂದಿದ್ದರು. ಅವರ ವಿಚಾರಗಳಲ್ಲಿ ಬಹುಪಾಲು ನನಗೆ ಒಪ್ಪಿಗೆಯಿಲ್ಲ. ಆದರೆ ಆಗಸ್ಟ್ ತಿಂಗಳಲ್ಲಿ ದುರ್ಬಲರ ಪಟ್ಟಿ ಬರೆಯುವವರು ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಪ್ರಶ್ನೆ: ನಮ್ಮಲ್ಲಿ ಹೈಕಮಾಂಡ್ ಯಾರಿಗೆ ಟಿಕೆಟ್ ಕೊಡುತ್ತದೋ ಅವರೇ ಅಭ್ಯರ್ಥಿ. ಗೆಲ್ಲುವ ಸಾಧ್ಯತೆಯೇ ಇಲ್ಲದ ಇಷ್ಟೊಂದು ಜನರನ್ನು ಅಮೆರಿಕದ ಪಕ್ಷಗಳು ಏಕೆ ನಿಲ್ಲಿಸುತ್ತವೆ? ಅಲ್ಲಿ ಠೇವಣಿ ಕಳೆದುಕೊಳ್ಳುವ ಪದ್ಧತಿ ಇಲ್ಲವೇ?
– ಓದುಗರು, ಸಾಗರ

ಉತ್ತರ: ಪಕ್ಷ ನಿಲ್ಲಿಸುವುದಿಲ್ಲ, ಅವರೇ ನಿಲ್ಲುತ್ತಾರೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1,000 ಡಾಲರ್ ಶುಲ್ಕ ಕಟ್ಟಿ ಅರ್ಜಿ ತುಂಬಿದರೆ ಮತಪತ್ರದಲ್ಲಿ ಹೆಸರು ಬರುತ್ತದೆ; ಪಕ್ಷದ ನಾಯಕರ ಅಪ್ಪಣೆ ಬೇಕಿಲ್ಲ. ಅಯೋವಾದಲ್ಲಿ ರಿಪಬ್ಲಿಕನ್ನರ ಮತದಾನ ನಡೆಯುವ ಕಾಕಸ್ ನಮ್ಮ ಗ್ರಾಮಸಭೆಯನ್ನು ನೆನಪಿಸುವಂಥದ್ದು: ಚಳಿಗಾಲದ ಸಂಜೆ ಶಾಲೆಯಲ್ಲೋ ಚರ್ಚಿನಲ್ಲೋ ಸೇರಿ, ಅಭ್ಯರ್ಥಿಗಳ ಪರವಾಗಿ ನೆರೆಹೊರೆಯವರು ಆಡುವ ಮಾತು ಕೇಳಿ, ಚೀಟಿಯಲ್ಲಿ ಹೆಸರು ಬರೆದು ಹಾಕುತ್ತಾರೆ.

ನಮ್ಮ ಲೋಕಸಭಾ ಚುನಾವಣೆಯಲ್ಲಿ ಚಲಾವಣೆಯಾದ ಮತಗಳ ಆರನೇ ಒಂದು ಭಾಗವೂ ಬಾರದಿದ್ದರೆ 25,000 ರೂಪಾಯಿ ಠೇವಣಿ ಹೋಗುತ್ತದೆ. ಅಲ್ಲಿ ಹಾಗಿಲ್ಲ, ಆದರೆ ಹಲವು ರಾಜ್ಯಗಳಲ್ಲಿ ಇಂತಿಷ್ಟು ಪ್ರಮಾಣದ ಮತ ದಾಟದವರಿಗೆ ಪಕ್ಷದ ಮಹಾಧಿವೇಶನಕ್ಕೆ ಪ್ರತಿನಿಧಿಗಳು ಸಿಗುವುದಿಲ್ಲ. ಅದಕ್ಕಿಂತ ಕಠಿಣವಾದದ್ದು ದೇಣಿಗೆ ನಿಂತುಹೋಗುವುದು. ಹಣ ಬತ್ತಿದ ದಿನ ಸಿಬ್ಬಂದಿ ಹೋಗುತ್ತಾರೆ, ಪ್ರಯಾಣ ನಿಲ್ಲುತ್ತದೆ.

ಈ ಪದ್ಧತಿಯಲ್ಲಿ ದುರ್ಬಲರೂ ನುಗ್ಗುತ್ತಾರೆ ಎಂಬುದು ನಿಜ. ಆದರೆ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಹಣಬಲವಿಲ್ಲದ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಸೀಮೆಯವರು ನೀವು. ಗೆಲ್ಲುವ ಸಾಧ್ಯತೆಯನ್ನು ಮೊದಲೇ ಅಳೆದು ಬಾಗಿಲು ಮುಚ್ಚಿದರೆ ಹೊರಗೆ ಉಳಿಯುವವರು ಎಂಥವರು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಪೆರಿ ಅವರು ಮರೆತ ಮೂರನೆಯ ಇಲಾಖೆ ಯಾವುದು? ಮುಂದೆ ಅವರು ಏನಾದರು?
– ಓದುಗರು, ಹೊಸನಗರ

ಉತ್ತರ: ಇಂಧನ ಇಲಾಖೆ. ಅದೇ ಚರ್ಚೆ ಮುಗಿಯುವುದರೊಳಗೆ ಅದನ್ನು ನೆನಪಿಸಿಕೊಂಡು ಹೇಳಿದರು. 2016ರ ಸ್ಪರ್ಧೆಗೆ ಮತ್ತೆ ಇಳಿದರು. ಹದಿನೇಳು ಪ್ರಮುಖರಿದ್ದ ಆ ಕಣದಿಂದ 2015ರ ಸೆಪ್ಟೆಂಬರ್ 11ರಂದು ಎಲ್ಲರಿಗಿಂತ ಮೊದಲು ಹೊರಬಿದ್ದವರೂ ಅವರೇ. 2017ರಲ್ಲಿ ಡೊನಾಲ್ಡ್ ಟ್ರಂಪ್ ಅವರು ಪೆರಿಯನ್ನು ಇಂಧನ ಸಚಿವರನ್ನಾಗಿ ನೇಮಿಸಿದರು. ಆ ವರ್ಷದ ಜನವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಕುಳಿತ ಪೆರಿ, ಅಮೆರಿಕದ ಅಣ್ವಸ್ತ್ರಗಳ ಹೊಣೆಯನ್ನೂ ಹೊತ್ತ ಆ ಇಲಾಖೆಯ ಕೆಲಸಗಳನ್ನು ತಿಳಿದುಕೊಂಡ ಮೇಲೆ, ಅದನ್ನು ಮುಚ್ಚಬೇಕೆಂದು ಹಿಂದೆ ಹೇಳಿದ್ದಕ್ಕೆ ವಿಷಾದಿಸುತ್ತೇನೆ ಎಂದರು.